ಕೇಳಲು ಬಂದವರನ್ನು ಕಳೆದುಕೊಂಡ ಕಥೆ

2021ರಲ್ಲಿ ಆರಂಭವಾದ ಸಿನೊಡ್ ಪ್ರಕ್ರಿಯೆಯ ಅಂತಿಮ ದಾಖಲೆ 2024ರ ಅಕ್ಟೋಬರ್‌ನಲ್ಲಿ ಹೊರಬಂದಿತು. ಅದನ್ನು ಸ್ಥಳೀಯ ಮಟ್ಟದಲ್ಲಿ ಕಾರ್ಯರೂಪಕ್ಕೆ ತರಲು 2028ರ ಅಕ್ಟೋಬರ್‌ವರೆಗೆ ಸಮಯ ನಿಗದಿಯಾಗಿದೆ. ‘ಎಲ್ಲರ ಮಾತನ್ನೂ ಕೇಳುತ್ತಾ ಹೋದರೆ ಶಿಸ್ತು ಉಳಿದೀತೇ?’ ಎಂಬ ಆತಂಕ ಕೆಲವರಲ್ಲಿದೆ. ಈ ಪ್ರಶ್ನೆ ಹೊಸದಲ್ಲ. ಧರ್ಮಸಭೆ ಇದನ್ನು ಎಂಟು ಶತಮಾನಗಳ ಹಿಂದೆಯೇ ಎದುರಿಸಿತ್ತು.

ಫ್ರಾನ್ಸ್‌ನ ಲಿಯೋನ್ ಪಟ್ಟಣದ ಶ್ರೀಮಂತ ವರ್ತಕ ವಾಲ್ಡೆಸ್ 1173ರ ಸುಮಾರಿಗೆ ತನ್ನ ಆಸ್ತಿಯನ್ನು ತ್ಯಜಿಸಿ ಬಡತನದ ಜೀವನ ಆರಿಸಿಕೊಂಡ. ಬೈಬಲಿನ ಭಾಗಗಳನ್ನು ಆಡುಭಾಷೆಗೆ ಅನುವಾದ ಮಾಡಿಸಿ, ಸಂಗಡಿಗರೊಂದಿಗೆ ಬೀದಿಯಲ್ಲಿ ಬೋಧಿಸತೊಡಗಿದ. 1179ರ ಮೂರನೇ ಲ್ಯಾಟರನ್ ಮಹಾಸಭೆಯ ಸಂದರ್ಭದಲ್ಲಿ ಇವರು ರೋಮ್‌ಗೆ ಹೋದದ್ದು ಜಗಳಕ್ಕಲ್ಲ, ಅನುಮತಿ ಕೇಳಲು. ಪೋಪ್ 3ನೇ ಅಲೆಕ್ಸಾಂಡರ್ ಅವರ ಬಡತನದ ವ್ರತವನ್ನು ಮೆಚ್ಚಿದರು. ಬೋಧನೆಗೆ ಮಾತ್ರ ಸ್ಥಳೀಯ ಗುರುಗಳ ಒಪ್ಪಿಗೆ ಬೇಕೆಂದರು. ಅಲ್ಲಿದ್ದ ಇಂಗ್ಲೆಂಡಿನ ಪಂಡಿತ ವಾಲ್ಟರ್ ಮ್ಯಾಪ್ ಈ ಓದುಬರಹವಿಲ್ಲದವರಿಗೆ ದೈವಶಾಸ್ತ್ರದ ಪ್ರಶ್ನೆ ಹಾಕಿ, ಅವರು ತಡವರಿಸಿದಾಗ ಎಲ್ಲರೂ ನಕ್ಕದ್ದನ್ನು ತಾನೇ ಬರೆದಿಟ್ಟಿದ್ದಾನೆ. ಇವರನ್ನು ಒಳಗೆ ಬಿಟ್ಟರೆ ನಾವೇ ಹೊರಬೀಳುತ್ತೇವೆ ಎಂಬ ಅಂಜಿಕೆಯನ್ನೂ ಆತ ಮುಚ್ಚಿಟ್ಟಿಲ್ಲ.

ಲಿಯೋನ್‌ನಲ್ಲಿ ಒಪ್ಪಿಗೆ ಸಿಗಲಿಲ್ಲ. ಅವರು ಬೋಧನೆ ನಿಲ್ಲಿಸಲಿಲ್ಲ. 1184ರಲ್ಲಿ ಪೋಪ್ 3ನೇ ಲೂಸಿಯಸ್ ಅವರಿಗೆ ಬಹಿಷ್ಕಾರ ಹಾಕಿದರು. ವಿಪರ್ಯಾಸವೆಂದರೆ, ಆರಂಭದಲ್ಲಿ ಇವರು ಕ್ಯಾಥರ್ ಪಂಥದ ತಪ್ಪು ಬೋಧನೆಗಳ ವಿರುದ್ಧವೇ ಬೋಧಿಸುತ್ತಿದ್ದವರು.

ಸುಮಾರು ಕಾಲು ಶತಮಾನದ ಬಳಿಕ ಇನ್ನೊಬ್ಬ ವರ್ತಕರ ಮಗ ಅದೇ ಬಡತನದ ಕನಸು ಹೊತ್ತು ರೋಮ್‌ಗೆ ಬಂದ. ಅವರೇ ಅಸ್ಸಿಸಿಯ ಸಂತ ಫ್ರಾನ್ಸಿಸ್. ಪೋಪ್ 3ನೇ ಇನೊಸೆಂಟ್ ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. ಫ್ರಾನ್ಸಿಸ್ ವಿಧೇಯರಾಗಿದ್ದರು, ವಾಲ್ಡೆಸ್ ಆಗಲಿಲ್ಲ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ನಿಜ, ಆದರೆ ಅರ್ಧ ಮಾತ್ರ. ಕೇಳಿಸಿಕೊಳ್ಳುವವರೂ ಅಷ್ಟರಲ್ಲಿ ಬದಲಾಗಿದ್ದರು. 1208ರಲ್ಲಿ ಇದೇ ಇನೊಸೆಂಟ್, ವಾಲ್ಡೆಸ್‌ನ ಅನುಯಾಯಿಯಾಗಿದ್ದ ಹುಯೆಸ್ಕಾದ ಡುರಾಂಡ್ ಮತ್ತು ಸಂಗಡಿಗರನ್ನು ಮರಳಿ ಸ್ವೀಕರಿಸಿದ್ದರು.

ಹೊರಗುಳಿದವರು ಆಲ್ಪ್ಸ್ ಕಣಿವೆಗಳನ್ನು ಸೇರಿದರು. 1532ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯೊಂದಿಗೆ ಒಂದಾದರು. 1655ರಲ್ಲಿ ಸವೋಯ್ ದೊರೆಯ ಸೈನಿಕರು ಪೀಡ್‌ಮಾಂಟ್‌ನಲ್ಲಿ ಅವರ ಮಾರಣಹೋಮ ನಡೆಸಿದರು. ನಾಗರಿಕ ಹಕ್ಕು ದೊರೆತದ್ದು 1848ರಲ್ಲಿ. 2015ರ ಜೂನ್ 22ರಂದು ಪೋಪ್ ಫ್ರಾನ್ಸಿಸ್ ಟ್ಯೂರಿನ್‌ನ ವಾಲ್ಡೆನ್ಸಿಯನ್ ದೇವಾಲಯಕ್ಕೆ ಹೋಗಿ, ಕಥೋಲಿಕ ಧರ್ಮಸಭೆಯ ಪರವಾಗಿ ಕ್ಷಮೆ ಯಾಚಿಸಿದರು. ಆ ಆಗಸ್ಟ್‌ನಲ್ಲಿ ವಾಲ್ಡೆನ್ಸಿಯನ್ ಸಿನೊಡ್ ಗೌರವದಿಂದಲೇ ಉತ್ತರಿಸಿತು: ರಕ್ತ ಸುರಿಸಿದವರ ಸ್ಥಾನದಲ್ಲಿ ನಿಂತು ಅವರ ಪರವಾಗಿ ಕ್ಷಮಿಸುವ ಅಧಿಕಾರ ನಮಗಿಲ್ಲ ಎಂದು. ಕೆಲವು ತಪ್ಪುಗಳಿಗೆ ಕ್ಷಮೆ ಕೇಳಬಹುದು, ಆದರೆ ಕೊಡಬೇಕಾದವರೇ ಉಳಿದಿರುವುದಿಲ್ಲ.

ಭಿನ್ನಮತದವರೆಲ್ಲ ಸಂತರಲ್ಲ, ಧರ್ಮಸಭೆ ವಿವೇಚಿಸಲೇಬೇಕು. ಆದರೆ ನಗುವುದು ವಿವೇಚನೆಯಲ್ಲ. ನಮ್ಮ ಚರ್ಚ್‌ಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಬಗ್ಗೆ ಎದ್ದು ಕೇಳುವವರಿಗೆ, ಯುವಜನರಿಗೇಕೆ ಪಾಲನಾ ಮಂಡಳಿಯಲ್ಲಿ ದನಿಯಿಲ್ಲ ಎನ್ನುವವರಿಗೆ ‘ಗಲಾಟೆಯವರು’ ಎಂಬ ಹೆಸರು ಬೇಗ ಅಂಟುತ್ತದೆ. ಮುಂದಿನ ವರ್ಷ ಅವರು ಸಭೆಗೆ ಬಾರದಿದ್ದರೆ ಶಾಂತಿ ನೆಲೆಸಿತೆಂದು ನಾವು ಸಮಾಧಾನಪಡುತ್ತೇವೆ. ಕೆಲವು ಕಾಲದ ನಂತರ ಅವರು ಬೇರೊಂದು ಪ್ರಾರ್ಥನಾ ಕೂಟದಲ್ಲಿ ಕಾಣಿಸಿಕೊಂಡಾಗ ದೂರುತ್ತೇವೆ.

ಪ್ರಶ್ನೆ ಕೇಳಲು ಬರುವವನು ಇನ್ನೂ ನಮ್ಮವನೇ. ಗುರುಗಳು, ಗುರ್ಕಾರರು, ಮಂಡಳಿಯ ಸದಸ್ಯರು ಸಿನೊಡ್ ದಾಖಲೆಯನ್ನು ಓದಲು ಕೂರುವಾಗ, ಕಳೆದ ವರ್ಷ ಎದ್ದು ಮಾತನಾಡಿ ಈ ವರ್ಷ ಬಾರದವರ ಮನೆಗೆ ಮೊದಲು ಒಮ್ಮೆ ಹೋಗಿಬರಲಿ.