ಅಂಕಿಯಿಂದ ಅಕ್ಷರಕ್ಕೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಮನೆಗಳಲ್ಲಿ ಮಕ್ಕಳ ಕೈಯಲ್ಲಿ ಮೊಬೈಲು ಕಂಡೊಡನೆ ಮುಖ ಸಿಂಡರಿಸುವುದು ಹಿರಿಯರಾದ ನಮಗೆ ರೂಢಿಯಾಗಿದೆ. ಆಡುತ್ತಿರುವ ಆಟ ಯಾವುದು, ಅದು ಮಗುವಿನ ಬುದ್ಧಿಯಿಂದ ಏನನ್ನು ಬೇಡುತ್ತದೆ ಎಂದು ವಿಚಾರಿಸುವ ವ್ಯವಧಾನ ನಮಗಿರುವುದಿಲ್ಲ. ಉದಾಹರಣೆಗೆ, 'ಹಾಟ್ಸುನೆ ಮಿಕು ಲಾಜಿಕ್ ಪೇಂಟ್' ಎಂಬ ಜಪಾನಿ ಆಟವನ್ನು ನೋಡಬಹುದು.

ಇದು ಚೌಕಳಿಯ ಒಗಟು. ಪ್ರತಿ ಅಡ್ಡಸಾಲಿನ ಪಕ್ಕದಲ್ಲೂ ಪ್ರತಿ ಕಂಬಸಾಲಿನ ನೆತ್ತಿಯಲ್ಲೂ ಅಂಕಿಗಳಿರುತ್ತವೆ. ಆ ಸಾಲಿನಲ್ಲಿ ಒಂದಕ್ಕೊಂದು ತಾಗಿದಂತೆ ಎಷ್ಟು ಮನೆಗಳನ್ನು ತುಂಬಬೇಕೆಂಬುದಕ್ಕೆ ಅವೇ ಸೂಚನೆ. 10 ಮನೆಗಳ ಸಾಲಿಗೆ 8 ಎಂದು ಬರೆದಿದ್ದರೆ, ಗುಂಪು ಎಡಕ್ಕೆ ಒತ್ತಿ ನಿಲ್ಲಲಿ, ಬಲಕ್ಕೆ ಒತ್ತಿ ನಿಲ್ಲಲಿ, 3ರಿಂದ 8ರವರೆಗಿನ ಮನೆಗಳು ತುಂಬಲೇಬೇಕು. ಅಲ್ಲಿಂದ ಮುಂದಿನದು ಊಹೆಯಲ್ಲ, ತರ್ಕ. ಎಲ್ಲ ಮನೆಗಳೂ ಇತ್ಯರ್ಥವಾದಾಗ ಚಿತ್ರವೊಂದು ಮೂಡುತ್ತದೆ. ಈ ಬಗೆಯ ಒಗಟು 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಹುಟ್ಟಿತು.

ಆಟದ ನಾಯಕಿ ಮಿಕುವಿಗೆ ದೇಹವಿಲ್ಲ. 2007ರಲ್ಲಿ ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಹೊರತಂದ ಧ್ವನಿ ತಂತ್ರಾಂಶವೇ ಆಕೆ. ನಟಿ ಸಾಕಿ ಫುಜಿತಾ ಅವರ ಕಂಠದ ತುಣುಕುಗಳನ್ನು ಜೋಡಿಸಿ ಯಾರು ಬೇಕಾದರೂ ಆಕೆಯಿಂದ ಹಾಡಿಸಬಹುದು. ಆಕೆಯ ಕೀರ್ತಿಗೆ ಕಾರಣರಾದವರು ಮನೆಯಲ್ಲಿ ಕುಳಿತು ಹಾಡು ಕಟ್ಟಿದ ಅಸಂಖ್ಯ ಹವ್ಯಾಸಿಗಳು. ಕೇಳುಗರೇ ಕರ್ತೃಗಳಾದದ್ದು ಇಲ್ಲಿನ ವಿಶೇಷ. ನಮ್ಮ ಸಂಘಗಳ ರಾಜ್ಯೋತ್ಸವಗಳಲ್ಲಿ ಮಕ್ಕಳು ಬಹುಮಟ್ಟಿಗೆ ಪ್ರೇಕ್ಷಕರು. ಇಲ್ಲವೇ ದೊಡ್ಡವರು ಕಲಿಸಿದ ಹಾಡನ್ನು ಒಪ್ಪಿಸುವವರು. ಕನ್ನಡದಲ್ಲಿ ಅವರೇ ಏನನ್ನಾದರೂ ಕಟ್ಟುವಂತೆ ನಾವು ಮಾಡಿದ್ದೇವೆಯೇ?

ಎಣಿಕೆಯಿಂದ ಚಿತ್ರ ತೆಗೆಯುವ ವಿದ್ಯೆ ನಮಗೆ ಪರಕೀಯವೂ ಅಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಚುಕ್ಕಿ ರಂಗೋಲಿಯಲ್ಲಂತೂ ಚುಕ್ಕಿಯ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಈ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಶಾಲೆಯ ಮರಾಠಿಯಿಂದ ದೇವನಾಗರಿ ಅಂಕಿಗಳು ಅವರಿಗೆ ಪರಿಚಿತ. ೧, ೪, ೬ ಕಂಡರೆ ತಡವರಿಸುತ್ತಾರೆ. ವರ್ಣಮಾಲೆಯನ್ನು ಮುಂದಿಟ್ಟರೆ ಅದು ಮತ್ತೊಂದು ಟ್ಯೂಷನ್ ಆಗಿಬಿಡುತ್ತದೆ. ಆದ್ದರಿಂದ ನಮ್ಮ ಸಲಹೆ ಇಷ್ಟೇ: ಗಣಿತದ ಚೌಕಳಿ ಪುಸ್ತಕದಲ್ಲಿ, ಕನ್ನಡ ಅಂಕಿಗಳಲ್ಲಿ, ಇಂಥ ಒಗಟುಗಳನ್ನು ಮಾಡೋಣ. ಒಗಟು ಬಿಡಿಸಿದಾಗ ಮೊದಲು ತೇರೋ ಆನೆಯೋ ಬರಲಿ. ಮುಂದೆ 'ರ', 'ಗ' ಎಂಬ ಅಕ್ಷರಗಳೇ ಚಿತ್ರವಾಗಿ ಬರಲಿ. ಮೂರನೆಯ ವಾರ ಒಗಟು ಹೆಣೆಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸೋಣ. ತಾನು ಬಚ್ಚಿಟ್ಟ ಅಕ್ಷರವನ್ನು ಮಗು ಸುಲಭವಾಗಿ ಮರೆಯುವುದಿಲ್ಲ.

ಕನ್ನಡದ ಪತ್ರಿಕೆಗಳೇ ಇಂದು ಹೆಚ್ಚಾಗಿ 1, 2, 3 ಎಂದು ಅಚ್ಚು ಹಾಕುತ್ತಿರುವಾಗ ಕನ್ನಡ ಅಂಕಿ ಕಲಿತು ಫಲವೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಹಳೆಯ ಪುಸ್ತಕದ ಪುಟಸಂಖ್ಯೆ, ಅಜ್ಜನ ಕೈಬರಹದ ಲೆಕ್ಕದ ಪುಸ್ತಕ ಆ ಅಂಕಿಗಳಲ್ಲೇ ಇವೆ. ಅದಕ್ಕಿಂತ ಮುಖ್ಯವಾಗಿ, ಲಿಪಿಯ ಭಯವನ್ನು ಕಳೆಯಲು ಹತ್ತು ಗುರುತುಗಳಷ್ಟು ಚಿಕ್ಕ ಪಾಠ ಮತ್ತೊಂದಿಲ್ಲ.

ಅಂಕಿ ಬಲ್ಲ ಮಗು ನಾಳೆಯೇ ಕಾದಂಬರಿ ಓದೀತೆಂಬ ಭ್ರಮೆ ನಮಗಿಲ್ಲ. ಅಂಕಿ ಹೊಸ್ತಿಲು ಮಾತ್ರ. ಆದರೆ ಹೊಸ್ತಿಲನ್ನೇ ಇಡದೆ, ಮಕ್ಕಳು ಒಳಗೆ ಬರಲಿಲ್ಲವೆಂದು ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಮರುಗುವುದು ತರವಲ್ಲ. ಒಂದು ಚೌಕಳಿ ಪುಸ್ತಕ, ಒಂದು ಪೆನ್ಸಿಲು, ವಾರಕ್ಕೊಂದು ಗಂಟೆ: ಇಷ್ಟನ್ನು ಒದಗಿಸಲಾಗದಷ್ಟು ಬಡವು ನಮ್ಮ ಯಾವ ಸಂಘವೂ ಅಲ್ಲ.