ಹಳೆಯ ವ್ಯಾನುಗಳ ಜಾತ್ರೆ, ಬೆಟ್ಟದ ಲೆಕ್ಕ

ಪಶ್ಚಿಮ ಇಂಗ್ಲೆಂಡಿನಲ್ಲಿ ಮಾಲ್ವರ್ನ್ ಎಂಬ ಬೆಟ್ಟಸಾಲಿದೆ. ಅದರ ತಪ್ಪಲಿನ ಪ್ರದರ್ಶನ ಮೈದಾನದಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳ ಅಭಿಮಾನಿಗಳು ಹಲವು ವರ್ಷಗಳಿಂದ ಸೇರುತ್ತ ಬಂದಿದ್ದಾರೆ. ಹುಲ್ಲಿನ ಮೇಲೆ ಸಾಲಾಗಿ ವ್ಯಾನು ನಿಲ್ಲಿಸಿ, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗಿ, ಹಳೆಯ ಬಿಡಿಭಾಗಗಳನ್ನು ಕೊಂಡು ಊರಿಗೆ ಮರಳುತ್ತಾರೆ. ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಬಂದು ಅದರ ಪಕ್ಕದಲ್ಲೇ ಒಲೆ ಹೂಡುತ್ತಿದ್ದ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸದು.

ಬೆಟ್ಟಗಾಡಿನ ಪತ್ರಿಕೆಗೆ ಮೋಟಾರಿನ ಉಸಾಬರಿ ಏಕೆಂದು ಓದುಗರು ಕೇಳಬಹುದು. ಈ ಅಭಿಮಾನಿಗಳಲ್ಲಿ ನಾವು ಮೆಚ್ಚಲೇಬೇಕಾದ ಗುಣವೊಂದಿದೆ. ಡಚ್ ವ್ಯಾಪಾರಿ ಬೆನ್ ಪೊನ್ 1947ರಲ್ಲಿ ಗೀಚಿದ ರೇಖಾಚಿತ್ರದಿಂದ ಹುಟ್ಟಿದ ಈ ವ್ಯಾನು 1950ರಲ್ಲಿ ಜರ್ಮನಿಯ ಕಾರ್ಖಾನೆಯಿಂದ ಹೊರಬಂದಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆ ಅದರೊಳಗೆ ಹಾಸಿಗೆ, ಕಪಾಟುಗಳನ್ನು ಜೋಡಿಸತೊಡಗಿತು. ಹಳೆಯ ಮಾದರಿಗಳ ಇಂಜಿನು ಹಿಂಭಾಗದಲ್ಲಿದ್ದು, ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರಿನ ಗೊಡವೆಯಿಲ್ಲ. ಕೈಯಲ್ಲಿ ಸ್ಪ್ಯಾನರು, ಮನಸ್ಸಿನಲ್ಲಿ ತಾಳ್ಮೆ ಇದ್ದವರು ತಾವೇ ಬಿಚ್ಚಿ ಜೋಡಿಸಬಹುದು. ಕೆಟ್ಟಿದ್ದನ್ನು ಎಸೆಯುವುದೇ ನಾಗರಿಕತೆಯೆಂದು ನಂಬಿರುವ ಕಾಲದಲ್ಲಿ ಐವತ್ತು, ಅರವತ್ತು ವರ್ಷದ ಯಂತ್ರವನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಹೊಗೆ ಶುದ್ಧಿಗೊಳಿಸುವ ಸಾಧನವಿಲ್ಲದ ಆ ಇಂಜಿನುಗಳು ಇಂದಿನ ವಾಹನಗಳಿಗಿಂತ ಹೆಚ್ಚು ವಿಷವನ್ನು ಉಗುಳುತ್ತವೆ ಎಂಬುದೂ ನಿಜವೇ.

ಆದರೆ ಹೊಗೆಗಿಂತ ದೊಡ್ಡ ಪ್ರಶ್ನೆ, ಇಂಥ ವ್ಯಾನು ರಾತ್ರಿ ಎಲ್ಲಿ ತಂಗುತ್ತದೆ ಎಂಬುದು. ಮಾಲ್ವರ್ನಿನಲ್ಲಿ ಅದಕ್ಕೆ ಉತ್ತರವಿದೆ. ಅಲ್ಲಿನ ಬೆಟ್ಟ ಮತ್ತು ಗೋಮಾಳಗಳನ್ನು ಒತ್ತುವರಿಯಿಂದ ಕಾಯಲು 1884ರಲ್ಲೇ ಪಾರ್ಲಿಮೆಂಟಿನ ಕಾಯಿದೆ ಬಂದಿತು, ಅದರಡಿ ಸಂರಕ್ಷಕರ ಮಂಡಳಿಯೂ ಬಂದಿತು. ಆ ಮಂಡಳಿಯ ನೆಲದಲ್ಲಿ ಬಿಡಾರ ಹೂಡುವಂತಿಲ್ಲ. ಹೀಗಾಗಿ ವ್ಯಾನುಗಳ ಜಾತ್ರೆ ಬೇಲಿಯೊಳಗಿನ ಮೈದಾನದಲ್ಲಿ. ಬೆಟ್ಟ ನಡೆಯುವವರಿಗೆ, ಕುರಿಗಳಿಗೆ.

ಸ್ಕಾಟ್ಲೆಂಡಿನ ಉತ್ತರದ ಕಥೆ ಬೇರೆ. 2015ರಲ್ಲಿ ಸುಮಾರು 800 ಕಿ.ಮೀ. ಉದ್ದದ ಕರಾವಳಿ ಸುತ್ತುದಾರಿಗೆ ‘ನಾರ್ತ್ ಕೋಸ್ಟ್ 500’ ಎಂದು ಹೆಸರಿಟ್ಟು ಪ್ರಚಾರ ಮಾಡಿದ ಮೇಲೆ, ಒಂದೇ ವಾಹನ ಹಿಡಿಸುವ ಹಳ್ಳಿದಾರಿಗಳಲ್ಲಿ ಹಳತು ಹೊಸತೆನ್ನದೆ ಕ್ಯಾಂಪರ್ ವ್ಯಾನುಗಳು ತುಂಬಿಕೊಂಡವು. ಎದುರು ವಾಹನಕ್ಕೆ ದಾರಿ ಬಿಡಲೆಂದು ಮಾಡಿದ ತಾವುಗಳಲ್ಲೇ ರಾತ್ರಿ ವಾಸ್ತವ್ಯ, ಶೌಚದ ತೊಟ್ಟಿಯನ್ನು ದಾರಿಬದಿಯಲ್ಲೇ ಖಾಲಿ ಮಾಡುವುದು, ಹೀಗೆ ಗ್ರಾಮಸ್ಥರ ದೂರುಗಳು ಬೆಳೆದವು. ಅಲ್ಲಿನ 2003ರ ಭೂ ಸುಧಾರಣಾ ಕಾಯಿದೆ ಕಾಲ್ನಡಿಗೆಯವನಿಗೆ ಬಯಲಿನಲ್ಲಿ ತಂಗುವ ಹಕ್ಕು ಕೊಟ್ಟಿದೆ, ಮೋಟಾರು ವಾಹನಕ್ಕೆ ಕೊಟ್ಟಿಲ್ಲ. ಅನೇಕ ಪ್ರವಾಸಿಗಳು ಈ ವ್ಯತ್ಯಾಸವನ್ನು ಗಮನಿಸಲೇ ಇಲ್ಲ.

ಈ ಗಾಳಿ ನಮ್ಮ ಘಟ್ಟಕ್ಕೂ ಬೀಸಿದೆ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಮರುವರ್ಷ ವಾಗಮಣ್ ಬೆಟ್ಟದಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ನಿಗದಿತ ಜಾಗವಿರುವುದು ಒಳ್ಳೆಯದೇ. ನಮ್ಮ ಕಡೆಯೂ ಇಂಥ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ: ಎಷ್ಟು ವಾಹನ, ಯಾವ ಹಳ್ಳದ ನೀರು, ತೊಟ್ಟಿಯ ಹೊಲಸು ಎಲ್ಲಿಗೆ, ಮತ್ತು ಮೈದಾನದ ಹೊರಗೆ ನಿಂತ ವ್ಯಾನನ್ನು ಎಬ್ಬಿಸುವ ಅಧಿಕಾರ ಯಾರಿಗೆ? ಇವಕ್ಕೆ ಲಿಖಿತ ಉತ್ತರ ಬರುವವರೆಗೆ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಬೀಳಕೂಡದು.