ಪ್ರವಾಸ ಹೋಗಿ, ಆದರೆ ಏಪ್ರಿಲ್‌ನಲ್ಲಿ ಹೋಗಿ

2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾರಿಕಣಿವೆ ಕೋಡಿ ಬಿತ್ತು. ಹಿಂದೆ 1933ರಲ್ಲಿ ಬಿದ್ದಿತ್ತಂತೆ, ಅದಾದ ಮೇಲೆ ಆಗಲೇ. ನಮ್ಮೂರಿಂದ ಟ್ರ್ಯಾಕ್ಟರು, ಟೆಂಪೋ, ಬೈಕು, ಸಿಕ್ಕಿದ್ದರಲ್ಲಿ ಜನ ಹೋದರು. ನಾನೂ ಮನೆಯವಳೂ ಟೆಂಪೋದಲ್ಲಿ ನಿಂತುಕೊಂಡೇ ಹೋಗಿ ಬಂದ್ವಿ. ಬರುವಾಗ ಅವಳು ಒಂದು ಮಾತು ಅಂದಳು: "ನೀರು ತುಂಬಿದ್ದು ನೋಡೋಕೆ ಊರಿಗೆ ಊರೇ ಹೊಂಟೈತೆ. ನೀರಿಲ್ಲದ ಊರಲ್ಲಿ ಹೆಂಗೆ ಬಾಳ್ತಾರೆ ಅಂತ ನೋಡೋಕೆ ನಾವು ನಾಲ್ಕು ಜನ ಹೋಗಿದ್ದು ಬಿಟ್ರೆ ಇನ್ಯಾರು ಹೋಗವ್ರೆ?"

ಆ ಮಾತನ್ನೇ ಇಲ್ಲಿ ಬರೀತಿದ್ದೀನಿ. ನಾನು ಓದಿದ್ದು ಏಳನೇ ಇಯತ್ತೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಆರು ಎಕರೆ ಕೆಂಪು ಮಸಾರಿ ನೆಲ, ಮಳೆ ವರ್ಷಕ್ಕೆ 450-500 ಮಿಲಿಮೀಟರು, ಅದೂ ಬಂದರೆ ಬಂತು. ರೈತರು ಪ್ರವಾಸ ಹೋಗಬೇಕು ಅಂತ ಎಲ್ಲರೂ ಹೇಳ್ತಾರೆ. ನಾನೂ ಅದನ್ನೇ ಹೇಳ್ತೀನಿ. ಆದರೆ ಯಾವಾಗ ಹೋಗ್ತೀವಿ, ಏನು ನೋಡ್ತೀವಿ ಅನ್ನೋದರ ಮೇಲೆ ಬದುಕೂ ಐತೆ, ಹಾಳಾಗೋದೂ ಐತೆ. ಎರಡನ್ನೂ ನಾನು ಉಂಡಿದ್ದೀನಿ.

ಹಣ್ಣು ನೋಡಿ ಬಂದ ಪ್ರವಾಸ

2006ರ ಡಿಸೆಂಬರಿನಲ್ಲಿ ಒಂದು ಇಲಾಖೆಯವರು ರೈತರನ್ನ ಮಹಾರಾಷ್ಟ್ರಕ್ಕೆ ಕರಕೊಂಡು ಹೋದರು. ಬಸ್ಸಿನಲ್ಲಿ ನಲವತ್ತೈದು ಜನ. ತುಳಜಾಪುರ ಆಯ್ತು, ಪಂಢರಪುರ ಆಯ್ತು, ಮೂರನೇ ದಿನ ಸೊಲ್ಲಾಪುರ ಜಿಲ್ಲೆಯ ಸಾಂಗೋಲಾ ಕಡೆ ದಾಳಿಂಬೆ ತೋಟಕ್ಕೆ ಬಿಟ್ಟರು. ಒಂದು ತೋಟದಲ್ಲಿ ಮುಕ್ಕಾಲು ಗಂಟೆ. ಗಿಡದ ತುಂಬ ಕೆಂಪು ಹಣ್ಣು. ತೋಟದವರು ಒಂದೊಂದು ಹಣ್ಣು ಕೊಟ್ಟರು, ಪಟ ತೆಗೆಸಿಕೊಂಡ್ವಿ, ಎಕರೆಗೆ ಎಷ್ಟು ಲಾಭ ಅಂತ ಬರಕೊಂಡ್ವಿ, ಬಸ್ಸು ಹತ್ತಿದ್ವಿ.

ಸಾಂಗೋಲಾನೂ ನಮ್ಮಂಗೇ ಬರದ ಸೀಮೆ. ಅಲ್ಲಿ ಬೆಳೆದದ್ದು ನಮ್ಮಲ್ಲಿ ಯಾಕೆ ಬೆಳೆಯಲ್ಲ ಅಂತ ನನಗೆ ಹುಚ್ಚು ಹಿಡೀತು. ಅಲ್ಲಿಯ ಒಂದು ನರ್ಸರಿಯಿಂದಲೇ ಸಸಿ ತರಿಸಿ 2007ರಲ್ಲಿ ಎರಡು ಎಕರೆ ಹಾಕಿದೆ. ಮೂರು ಬೋರು ಕೊರೆಸಿದೆ. ಎರಡರಲ್ಲಿ ಬರೀ ಧೂಳು. ಮೂರನೆಯದು ಒಂದೂವರೆ ಇಂಚು ಬಂತು, ಎರಡನೇ ಬೇಸಿಗೆಗೆ ನಿಂತುಹೋಯ್ತು. ಉಳಿದ ಗಿಡ 2009ರಲ್ಲಿ ಕಾಯಿ ಕಚ್ಚಿದಾಗ ಎಣ್ಣೆ ಮೆತ್ತಿದಂಗೆ ಚುಕ್ಕೆ ಬಿದ್ದು ಕಾಯಿ ಒಡೆಯೋಕೆ ಶುರುವಾಯ್ತು. ಅದು ದುಂಡಾಣು ಅಂಗಮಾರಿ. ಮಹಾರಾಷ್ಟ್ರದವರು ಇದಕ್ಕೆ ತೇಲ್ಯಾ ಅಂತಾರೆ. ರೋಗದ ತೋಟದಿಂದ ಸಸಿ ಮಾಡಿದರೆ ಸಸಿಯ ಜೊತೆಗೇ ಬರ್ತದೆ ಅಂತ ಆಮೇಲೆ ತಿಳೀತು. ಒಂದು ಜೊತೆ ಎತ್ತು ಹೋದವು, ಮನೆಯವಳ ಬಳೆ ಹೋದವು, ಸೊಸೈಟಿ ಸಾಲ ಆರು ವರ್ಷ ಕಾಡಿತು.

ಎಷ್ಟೋ ದಿನ ಆ ಪ್ರವಾಸ ಮಾಡಿಸಿದವರನ್ನ ಬೈಕೊಂಡೆ. ಆಮೇಲೆ ಕೂತು ಯೋಚನೆ ಮಾಡಿದರೆ ತಪ್ಪು ನನ್ನದೂ ಐತೆ. ಆ ತೋಟದವರು ಸುಳ್ಳು ಹೇಳಲಿಲ್ಲ. ನಾನು ಕೇಳಲೇ ಇಲ್ಲ. ಅವರು ಬೇಸಿಗೆಯಲ್ಲಿ ಟ್ಯಾಂಕರು ಹೊಡೆಸಿ ಗಿಡ ಉಳಿಸಿಕೊಳ್ಳೋರು. ಒಂದು ಟ್ಯಾಂಕರಿಗೆ ಎಷ್ಟು ಕೊಟ್ಟಿರಿ, ಎಷ್ಟು ದಿನ ಹೊಡೆಸಿದಿರಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಡಿಸೆಂಬರಿನಲ್ಲಿ ಹೋದವನಿಗೆ ಟ್ಯಾಂಕರು ಹೆಂಗೆ ಕಾಣಬೇಕು? ಹಣ್ಣು ಕಂಡಿತು.

ನೀರು ನೋಡಿ ಬಂದ ಪ್ರವಾಸ

ಅದಾದ ಮೇಲೆ ಹತ್ತು ವರ್ಷ ಎಲ್ಲಿಗೂ ಹೋಗಲಿಲ್ಲ. 2017ರಲ್ಲಿ, ಸಾಲು ಸಾಲು ಬರದಲ್ಲಿ ಊರಿನ ಬೋರೆಲ್ಲ ಬತ್ತಿದಾಗ, ಪಕ್ಕದ ಹೊಲದ ನಮ್ಮ ಅಣ್ಣಪ್ಪ "ಹಿವರೆ ಬಾಜಾರ್ ನೋಡಿ ಬರೋಣ ನಡಿ" ಅಂದ. ನಾವು ಗಂಡ ಹೆಂಡ್ತಿ, ಅವರು ಗಂಡ ಹೆಂಡ್ತಿ, ನಾಲ್ಕು ಜನ ಏಪ್ರಿಲ್ ತಿಂಗಳು ಹೊಂಟ್ವಿ. ಊರಿನವರು ನಕ್ಕರು, "ಈ ಬಿಸಿಲಲ್ಲಿ ಏನು ನೋಡ್ತೀರಿ" ಅಂತ.

ಚಳ್ಳಕೆರೆಯಿಂದ ಬಳ್ಳಾರಿ, ಬಳ್ಳಾರಿಯಿಂದ ಗುಂತಕಲ್ ಬಸ್ಸಿನಲ್ಲಿ. ಅಲ್ಲಿ ರಾತ್ರಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ರಾಯಚೂರು, ಕಲಬುರಗಿ, ಸೊಲ್ಲಾಪುರದ ಮೇಲೆ ಮಾರನೇ ದಿನ ಮಧ್ಯಾಹ್ನ ಅಹಮದ್‌ನಗರ. ಆ ಜಿಲ್ಲೆಗೆ 2024ರಿಂದ ಅಹಿಲ್ಯಾನಗರ ಅಂತ ಹೆಸರು. ಊರು ಅಲ್ಲಿಂದ ಹದಿನೇಳು ಕಿಲೋಮೀಟರ್ ಆಸುಪಾಸು.

ಹಿವರೆ ಬಾಜಾರಿನಲ್ಲಿ ಬೀಳೋ ಮಳೆ ನಮ್ಮದಕ್ಕಿಂತ ಜಾಸ್ತಿ ಏನಲ್ಲ, 400 ಮಿಲಿಮೀಟರಿನ ಆಚೀಚೆ. ಒಂದು ಕಾಲಕ್ಕೆ ಕೂಲಿಗೆ ಊರು ಬಿಟ್ಟು ಹೋಗ್ತಿದ್ದ ಜನ. 1990ರ ಹೊತ್ತಿಗೆ ಪೋಪಟರಾವ್ ಪವಾರ್ ಅನ್ನೋರು ಸರಪಂಚರಾದರು. ಗುಡ್ಡಕ್ಕೆಲ್ಲ ಸಮಪಾತಳಿ ಕಂದಕ ಹೊಡೆದರು, ಇಂಗುಕೆರೆ ಕಟ್ಟಿದರು, ಗಿಡ ಕಡಿಯೋದು ನಿಲ್ಲಿಸಿದರು. ಇಷ್ಟನ್ನ ಬೇರೆ ಊರುಗಳೂ ಮಾಡಿದಾವೆ. ನಾನು ಬೆರಗಾದದ್ದು ಅದಕ್ಕಲ್ಲ, ಅವರ ಕಟ್ಟುಪಾಡಿಗೆ. ಬೇಸಾಯಕ್ಕೆ ಬೋರು ಕೊರೆಸೋ ಹಂಗಿಲ್ಲ. ಕಬ್ಬು, ಬಾಳೆ ಹಾಕೋ ಹಂಗಿಲ್ಲ. ಗುಡ್ಡಕ್ಕೆ ದನ ಬಿಡೋ ಹಂಗಿಲ್ಲ, ಹುಲ್ಲು ಬೇಕಾದರೆ ಕುಡುಗೋಲು ತಗೊಂಡು ಕೊಯ್ದು ತರಬೇಕು. ಮಳೆಗಾಲ ಮುಗಿದ ಮೇಲೆ ಊರೆಲ್ಲ ಸೇರಿ ಎಷ್ಟು ಮಳೆ ಬಂತು, ಬಾವಿಯಲ್ಲಿ ಎಷ್ಟು ನೀರೈತೆ ಅಂತ ಲೆಕ್ಕ ಹಾಕ್ತಾರೆ. ಜನಕ್ಕೆ, ದನಕ್ಕೆ ಕುಡಿಯೋಕೆ ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂಗೆ ಹಿಂಗಾರು ಬೆಳೆ. ಮಳೆ ಕಮ್ಮಿ ಆದ ವರ್ಷ ಬೆಳೆಯೂ ಕಮ್ಮಿ. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂತು.

ನಾವು ನೋಡಿದ್ದು ಏಪ್ರಿಲ್ ಬಿಸಿಲಲ್ಲಿ. ಹೊಲ ಬಹಳಷ್ಟು ಖಾಲಿ. ಹಸಿರು ತೋಟ ನೋಡೋ ಆಸೆಯಿಂದ ಹೋದವನಿಗೆ ಬೇಜಾರೇ ಆದೀತು. ಆದರೆ ಒಂದು ತೆರೆದ ಬಾವಿ ಬಗ್ಗಿ ನೋಡಿದೆ, ನೀರು ಕಾಣ್ತು. ನಮ್ಮ ಕಡೆ ಬಾವಿಯಲ್ಲಿ ನೀರು ಕಂಡು ಎಷ್ಟು ವರ್ಷ ಆಗಿತ್ತು! ಅಣ್ಣಪ್ಪ ಒಂದು ಕಲ್ಲು ಹಾಕಿ ಸದ್ದು ಕೇಳಿದ.

ನನಗೆ ಮರಾಠಿ ಬರಲ್ಲ, ಹಿಂದಿ ಅರೆಬರೆ. ಹೆಣ್ಣುಮಕ್ಕಳಿಗೆ ಅದೂ ಬರಲ್ಲ. ಆದರೂ ನಾನು ಕೇಳದೇ ಇದ್ದದ್ದನ್ನ ಅವರು ಕೈಸನ್ನೆಯಲ್ಲೇ ತಿಳಕೊಂಡು ಬಂದರು. ಕೊಟ್ಟಿಗೆಯಲ್ಲಿ ಎಷ್ಟು ಹಸು, ಮೇವು ಎಷ್ಟು ದಿನಕ್ಕೆ ಸಾಕು, ಕುಡಿಯೋ ನೀರಿಗೆ ಎಷ್ಟು ದೂರ ನಡೀಬೇಕು, ಹಾಲಿನ ದುಡ್ಡು ಯಾರ ಕೈಗೆ ಬರ್ತದೆ. ಲಾಭ ನಷ್ಟದ ನಿಜವಾದ ಲೆಕ್ಕ ಕೊಟ್ಟಿಗೆಯಲ್ಲೇ ಇತ್ತು. ಅದಕ್ಕೇ ಹೇಳೋದು, ಮನೆಯವರನ್ನ ಬಿಟ್ಟು ಪ್ರವಾಸ ಹೋಗಬೇಡಿ.

ಬಂದ ಮೇಲೆ ಏನಾಯ್ತು

ಊರು ಬದಲಾಯಿಸಿದೆ ಅಂತ ನಾನು ಹೇಳೋಕೆ ಆಗಲ್ಲ. ಗ್ರಾಮಸಭೆಯಲ್ಲಿ ಬೋರಿನ ಮಾತೆತ್ತಿದೆ, ನಕ್ಕು ಬಿಟ್ಟರು. ನನ್ನ ಹೊಲದಲ್ಲಿ ಮಾತ್ರ ಮಾಡಿದೆ. ಮೊದಲು ಒಂದು ಮಳೆಮಾಪಕ ತಂದು ಕಂಬಕ್ಕೆ ಕಟ್ಟಿದೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. 450 ಮಿಲಿಮೀಟರು ಅಂದರೆ ಎಕರೆಗೆ 18 ಲಕ್ಷ ಲೀಟರು. ಮಗಳು ಈ ಲೆಕ್ಕ ಬಿಡಿಸಿ ತೋರಿಸಿದಾಗ ನಾನು ನಂಬಲಿಲ್ಲ. ನಾನು ಭೂಮಿ ಕೆಳಗೆ ದುಡ್ಡು ಸುರಿದು ನೀರು ಹುಡುಕ್ತಿದ್ದೆ, ಮೇಲಿಂದ ಬಂದದ್ದು ಬದು ಒಡೆದು ಹಳ್ಳ ಸೇರ್ತಿತ್ತು.

ಬದು ಎತ್ತರಿಸಿದೆ. 2018ರಲ್ಲಿ ತಗ್ಗಿನ ಕಡೆ ಕೃಷಿಹೊಂಡ ತೆಗೆಸಿದೆ. ಬರೀ ಶೇಂಗಾ ಹಾಕೋದು ಬಿಟ್ಟು ಎರಡು ಎಕರೆಗೆ ನವಣೆ, ಶೇಂಗಾ ಸಾಲಿನ ಮಧ್ಯೆ ತೊಗರಿ ಹಾಕಿದೆ. ಶೇಂಗಾ ಹೂ ಬಿಟ್ಟು ಊಡು ಇಳಿಯೋ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಂಡದ ನೀರು ಒಂದು ಸಲ ಒಂದೂವರೆ ಎಕರೆಗೆ ಆಗ್ತದೆ. ಅಷ್ಟೇ. 2023ರ ಬರದಲ್ಲಿ ಹೊಂಡವೂ ತುಂಬಲಿಲ್ಲ. ಆದರೆ ಮನೆಗೆ ನವಣೆ, ಕುರಿಗೆ ಹೊಟ್ಟು ಆಯ್ತು, ಹೊಸ ಸಾಲ ಆಗಲಿಲ್ಲ.

ಕೆಲವರು ಕೇಳ್ತಾರೆ, "ಸಾಲದಲ್ಲಿರೋ ರೈತನಿಗೆ ಪ್ರವಾಸ ಒಂದು ಕೇಡಾ?" ಅಂತ. 2017ರಲ್ಲಿ ನಮಗೆ ತಲೆಗೆ ಬಿದ್ದದ್ದು ಎರಡು ಸಾವಿರದ ಎಂಟುನೂರು. ಧೂಳು ಬಂದ ಎರಡು ಬೋರಿಗೆ ನಾನು ಸುರಿದದ್ದರಲ್ಲಿ ಇಂಥ ಪ್ರವಾಸ ಹತ್ತು ಸಲ ಮಾಡಬಹುದಿತ್ತು. ದುಡ್ಡೇ ಇಲ್ಲ ಅಂದರೆ ದೂರ ಹೋಗೋದೂ ಬೇಡ. ನಮ್ಮ ಪಕ್ಕದ ಅನಂತಪುರ ಸೀಮೆ ನಮ್ಮಂಥದೇ ಶೇಂಗಾ ನೆಲ. ಅಲ್ಲಿ ಚೆನ್ನೆಕೊತ್ತಪಲ್ಲಿ ಹತ್ತಿರ ತಿಂಬಕ್ಟು ಸಂಘದವರು 1990ರಿಂದ ಬೋಳುಗುಡ್ಡ ಕಾಯ್ದು ಕಾಡು ಮಾಡಿದಾರೆ, ರೈತರನ್ನ ಸೇರಿಸಿ ಸಿರಿಧಾನ್ಯ ಬೆಳೆದು ಮಾರ್ತಾರೆ. ತೆಲುಗು ನಮ್ಮ ಕಡೆ ಎಷ್ಟೋ ಜನಕ್ಕೆ ಬರ್ತದೆ.

ಬೇರೆ ಥರದ ಸೀಮೆಗೂ ಹೋಗಬಾರದು ಅಂತಲ್ಲ. ದಕ್ಷಿಣ ಕನ್ನಡದ ಅಡ್ಯನಡ್ಕದ ಕಡೆ ಹೋಗಿದ್ದೆ. ಅಲ್ಲಿ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಆದರೂ ಗುಡ್ಡದ ತೋಟಕ್ಕೆ ಬೇಸಿಗೆಯಲ್ಲಿ ನೀರಿಲ್ಲ. ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು, ಹಲವು ಸುರಂಗ ಒಣ ಹೋದರೂ ಬಿಡದೆ ನೀರು ತಂದು ಅಡಿಕೆ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಸುರಂಗ ನಿಲ್ಲೋದು ಅಲ್ಲಿಯ ಮುರಕಲ್ಲಿನ ಗುಡ್ಡದಲ್ಲಿ. ನಮ್ಮ ಮಸಾರಿಯಲ್ಲಿ ಕೊರೆಯೋಕೆ ಹೋದರೆ ನಮ್ಮ ಗೋರಿ ನಾವೇ ತೋಡಿಕೊಂಡಂಗೆ. ಅಲ್ಲಿಂದ ನಾನು ತಂದದ್ದು ಒಂದೇ, ಎಷ್ಟು ಮಳೆ ಸುರಿದರೂ ಹಿಡಿದಷ್ಟೇ ನಮ್ಮದು ಅನ್ನೋ ತಿಳಿವಳಿಕೆ.

ಹೋಗೋರಿಗೆ ಕೆಲವು ಮಾತು

ಒಣಬೇಸಾಯದವರು ಮಾರ್ಚ್ ಕೊನೆಯಿಂದ ಮೇ ಒಳಗೆ ಹೋಗಿ. ಆಗ ನಮಗೂ ಹೊಲದಲ್ಲಿ ಕೆಲಸ ಕಮ್ಮಿ, ಅವರಿಗೂ ಮಾತಾಡೋಕೆ ಪುರುಸೊತ್ತು. ಕೃಷಿಮೇಳಕ್ಕೆ ಹೋಗೋದು ಬೇಡ ಅನ್ನಲ್ಲ. ಅದು ಸಂತೆ ಇದ್ದಂಗೆ, ಇಂಥದ್ದೊಂದು ಐತೆ ಅಂತ ಗೊತ್ತಾಗ್ತದೆ, ಬಾಳೋ ಬಗೆ ಗೊತ್ತಾಗಲ್ಲ.

ನಾಲ್ಕರಿಂದ ಆರು ಜನ ಸಾಕು. ನಲವತ್ತು ಜನ ಹೋದರೆ ಭಾಷಣ ಸಿಗ್ತದೆ. ನಾಲ್ಕು ಜನ ಹೋದರೆ ಹೊಲದ ಯಜಮಾನ ಕಟ್ಟೆ ಮೇಲೆ ಕೂತು ಸಾಲದ ಮಾತೂ ಹೇಳ್ತಾನೆ. ಆದರೆ ಒಂದು ರಾತ್ರಿ ಆ ಊರಲ್ಲೇ ಇರಿ. ಹಗಲು ಹೇಳದೇ ಇದ್ದದ್ದು ರಾತ್ರಿ ಊಟ ಆದ ಮೇಲೆ ಹೊರಗೆ ಬರ್ತದೆ.

ಹೇಳದೇ ಕೇಳದೇ ನುಗ್ಗಬೇಡಿ. ಫೋನು ಮಾಡಿ, ಎಷ್ಟು ಜನ, ಯಾವ ದಿನ ಅಂತ ತಿಳಿಸಿ. ಹೊಲದಲ್ಲಿ ಹಣ್ಣು, ತೆನೆ ಕೀಳಬೇಡಿ. ಒಂದು ದಿನ ನಮಗಾಗಿ ಕೆಲಸ ಬಿಟ್ಟಿರ್ತಾರೆ, ಊಟ ಹಾಕಿರ್ತಾರೆ. ದುಡ್ಡು ಮುಟ್ಟದಿದ್ದರೆ ಮನೆಯ ಹುಡುಗರ ಕೈಗಾದರೂ ಕೊಡಿ. ನಾವು ಐದು ಸೇರು ಶೇಂಗಾ, ಎರಡು ಸೇರು ನವಣೆ ಒಯ್ದಿದ್ವಿ, ಮಾತು ಅಲ್ಲಿಂದಲೇ ಶುರುವಾಯ್ತು.

ಎರಡು ದಿನಕ್ಕಾಗೋ ಬುತ್ತಿ ಕಟ್ಟಿಕೊಳ್ಳಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೆಡಲ್ಲ. ಬಿಸಿಲಿಗೆ ಟವೆಲ್ಲು, ಹೊಲ ತಿರುಗೋಕೆ ಚಪ್ಪಲಿಗಿಂತ ಬೂಟು ಒಳ್ಳೇದು. ರೈಲಿನ ಹೊತ್ತು ಬದಲಾಗ್ತಿರ್ತದೆ, ಮೊದಲೇ ವಿಚಾರಿಸಿ ಸೀಟು ಮಾಡಿಸಿ. ನಿಮ್ಮ ಹೊಲದ ಒಂದು ಹಿಡಿ ಮಣ್ಣು ಕವರಿನಲ್ಲಿ ಒಯ್ಯಿರಿ. ಭಾಷೆ ಬರದಿದ್ದರೂ ಮಣ್ಣು ತೋರಿಸಿದರೆ ರೈತನಿಗೆ ಅರ್ಥ ಆಗ್ತದೆ.

ಆದರೆ ಬರುವಾಗ ಸಸಿ ತರಬೇಡಿ. ಬೀಜ ತಂದರೂ ಒಂದು ಹಿಡಿ, ಒಂದು ಮೂಲೆಯಲ್ಲಿ ಹಾಕಿ ಒಂದು ವರ್ಷ ನೋಡಿ. ನನ್ನ ಎರಡು ಎಕರೆ ಹೋದದ್ದು ಈ ಅವಸರಕ್ಕೆ.

ಒಂದು ನೋಟ್‌ಬುಕ್ಕು ಇರಲಿ. ಲಾಭ ಎಷ್ಟು ಅಂತ ಕೊನೆಗೆ ಕೇಳಿ. ಮೊದಲು ಇವನ್ನ ಕೇಳಿ: ಮಳೆ ಎಷ್ಟು? ಬೇಸಿಗೆಯಲ್ಲಿ ನೀರು ಎಲ್ಲಿಂದ, ಖರ್ಚೆಷ್ಟು? ಯಾವ ವರ್ಷ ಬೆಳೆ ಕೈಬಿಟ್ಟಿತು, ಆ ವರ್ಷ ಮನೆ ಹೆಂಗೆ ನಡೀತು? ನೀವು ಮಾಡಿ ಬಿಟ್ಟಿದ್ದು ಏನು, ಯಾಕೆ ಬಿಟ್ಟಿರಿ? ಕೊನೆಯ ಪ್ರಶ್ನೆಗೆ ಸಿಗೋ ಉತ್ತರಕ್ಕೇ ರೈಲು ಖರ್ಚು ಹುಟ್ಟುತ್ತದೆ.

ಪ್ರವಾಸ ಮಾಡಿಸೋ ಇಲಾಖೆ, ಸಂಘದವರಿಗೂ ಒಂದು ಮಾತು. ಲೆಕ್ಕ ಮುಗಿಸೋಕೆ ಅಂತ ಬಸ್ಸು ತುಂಬಿಸಿ, ಹಸಿರಿರೋ ತಿಂಗಳಲ್ಲಿ, ಗೆದ್ದ ತೋಟ ಮಾತ್ರ ತೋರಿಸಬೇಡಿ. ಸೋತ ಹೊಲವೂ ಒಂದು ಪಟ್ಟಿಯಲ್ಲಿರಲಿ, ಹೆಂಗಸರಿಗೂ ಅರ್ಧ ಸೀಟು ಇರಲಿ.

ನಮ್ಮ ಹೊಲಕ್ಕೂ ಯಾರಾದರೂ ಬರೋದಿದ್ದರೆ ಬನ್ನಿ, ಹೊಂಡ ತುಂಬಿದಾಗ ಬೇಡ, ಏಪ್ರಿಲ್‌ನಲ್ಲಿ ಬನ್ನಿ. ಮಳೆ ಬರೆದಿಟ್ಟ ಪುಸ್ತಕ ತೋರಿಸ್ತೀನಿ, ಧೂಳು ಬಂದ ಎರಡು ಬೋರೂ ತೋರಿಸ್ತೀನಿ. ಬಾಯಿಗೆ ಕಲ್ಲು ಮುಚ್ಚಿ ಇಟ್ಟಿದ್ದೀನಿ. ಮುದ್ದೆ, ಸೊಪ್ಪಿನ ಸಾರು ಮನೆಯಲ್ಲಿ ಇದ್ದೇ ಇರ್ತದೆ. ಮನೆಯವರನ್ನೂ ಕರಕೊಂಡು ಬನ್ನಿ.